42 ಸೆಕೆಂಡು: ಧಾನೋರಿಯ ಟೆರೇಸಿನಲ್ಲಿ ಮಕ್ಕಳಿಗೆ ಕ್ಷಿಪಣಿ ಹೇಳಿಕೊಟ್ಟ ಅನುಭವ

ನಮ್ಮ ಮನೆ ಇರುವುದು ಪುಣೆಯ ಧಾನೋರಿಯಲ್ಲಿ. ಲೋಹಗಾಂವ್ ವಾಯುನೆಲೆ ಹತ್ತಿರ. ಸುಖೋಯ್ ಯುದ್ಧವಿಮಾನ ತಲೆಯ ಮೇಲೆ ಹಾರಿಹೋದರೆ ಫೋನಿನಲ್ಲಿ ಮಾತಾಡುತ್ತಿದ್ದವರು ಅರ್ಧ ನಿಮಿಷ ಸುಮ್ನೆ ಕಾಯುತ್ತಾರೆ, ಆಮೇಲೆ ಮಾತು ಮುಂದುವರಿಸುತ್ತಾರೆ. 1997ರಲ್ಲಿ ದೇಶದ ಮೊದಲ ಸುಖೋಯ್‌ಗಳು ಬಂದು ಸೇರಿದ್ದೂ ಇಲ್ಲಿಗೇ.

ನಾನು ವಾಯುಪಡೆಯಲ್ಲಿ 24 ವರ್ಷ ರಾಡಾರ್ ಫಿಟರ್ ಆಗಿದ್ದೆ. ಜಾಸ್ತಿ ವರ್ಷ ಕಳೆದದ್ದು ಪೆಚೋರಾ ಜೊತೆ. ನೆಲದಿಂದ ಆಕಾಶಕ್ಕೆ ಹಾರಿ ವಿಮಾನ ಹೊಡೆಯುವ ಸೋವಿಯತ್ ಕಾಲದ ಕ್ಷಿಪಣಿ ಅದು. ನಿವೃತ್ತಿಯಾದ ಮೇಲೆ ಅದರ ಬಗ್ಗೆ ಮಾತಾಡುವ ಸಂದರ್ಭ ಬರಲಿಲ್ಲ. ಪಾಕಿಸ್ತಾನದ ಜೊತೆ ಸಂಘರ್ಷ ನಡೆದ 2025ರ ಮೇ ತಿಂಗಳಲ್ಲಿ ಬಂತು.

ನಮ್ಮ ಸೊಸೈಟಿಯಲ್ಲಿ ಏಳೆಂಟು ಕನ್ನಡ ಮನೆಗಳಿವೆ. ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯವರೇ ಹೆಚ್ಚು. ಗಡಿಯ ಊರುಗಳಲ್ಲಿ ರಾತ್ರಿ ದೀಪ ಆರಿಸಿದ್ದನ್ನು ಟಿವಿಯಲ್ಲಿ ನೋಡಿ ಮೂರನೇ ಮಹಡಿಯ ಹುಡುಗಿ ಕೇಳಿದಳು: “ಕಾಕಾ, ನಮ್ಮ ಹತ್ರ ಎಸ್-400 ಐತಲ್ಲ, 400 ಕಿಲೋಮೀಟರ್ ದೂರ ಹೊಡೀತದಂತ. ಮತ್ತ್ಯಾಕ ಲೈಟ್ ಆರಿಸ್ತಾರ?” ಹನ್ನೊಂದು ವರ್ಷದ ಮಗು. ದೊಡ್ಡವರ ಮನಸ್ಸಿನಲ್ಲೂ ಅದೇ ಪ್ರಶ್ನೆ ಇತ್ತು.

ಮುಂದಿನ ಭಾನುವಾರ ಕ್ಲಬ್‌ಹೌಸಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹೇಳತೊಡಗಿದೆ. ವಿಮಾನ ಹೊಡೆಯುವ ಕ್ಷಿಪಣಿ ವ್ಯವಸ್ಥೆ ಎಸ್-400 ಕೊಳ್ಳುವ ಒಪ್ಪಂದ 2018ರಲ್ಲಿ ಆಯಿತು. ನಮ್ಮ ಇನ್ನೆರಡು ಅಂಥದೇ ಕ್ಷಿಪಣಿಗಳಲ್ಲಿ ಎಂಆರ್‌ಸ್ಯಾಮ್ ಸುಮಾರು 70 ಕಿಲೋಮೀಟರ್ ಹೋಗುತ್ತದೆ, ಆಕಾಶ್ 25. ಆಕಾಶ್‌ನ ಲಾಂಚರ್ ರೂಪಿಸಿದ್ದು ನಮ್ಮ ಪಕ್ಕದ ದಿಘಿಯಲ್ಲಿರುವ ಡಿಆರ್‌ಡಿಓ ಸಂಸ್ಥೆ, ಅದರ ರಾಜೇಂದ್ರ ರಾಡಾರ್ ರೂಪುಗೊಂಡಿದ್ದು ಬೆಂಗಳೂರಿನಲ್ಲಿ. ಅಷ್ಟರಲ್ಲಿ ಮಕ್ಕಳು “ಯಾವುದು ಗೆಲ್ಲುತ್ತೆ?” ಎಂದು ಶುರು ಮಾಡಿದರು. ಬರೀ ದೂರದ ಅಂಕಿ ಕೊಟ್ಟರೆ ಕೇಳುವವರಿಗೆ ಅದು ಓಟದ ಪಂದ್ಯದ ಹಾಗೆ ಕಾಣುತ್ತದೆ. ಲ್ಯಾಪ್‌ಟಾಪ್ ಮುಚ್ಚಿದೆ.

ಆ ರಾತ್ರಿ ಒಂದು ಹಾಳೆಯಲ್ಲಿ ಲೆಕ್ಕ ಹಾಕಿದೆ. ಭೂಮಿ ದುಂಡಗಿದೆ, ರಾಡಾರ್ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ. ಆಂಟೆನಾದ ಎತ್ತರದ ವರ್ಗಮೂಲಕ್ಕೆ ವಿಮಾನದ ಎತ್ತರದ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿದರೆ ಎಷ್ಟು ಕಿಲೋಮೀಟರಿನಿಂದ ಕಾಣಬಹುದು ಎಂದು ಸಿಗುತ್ತದೆ. ಎತ್ತರ ಮೀಟರಿನಲ್ಲಿರಬೇಕು. ಆಂಟೆನಾ 9 ಮೀಟರ್, ತಗ್ಗಿನಲ್ಲಿ ನುಗ್ಗುವ ವಿಮಾನ 25 ಮೀಟರ್ ಅನ್ನಿ. ಮೂರು, ಐದು, ಒಟ್ಟು ಎಂಟು. ಬಂದದ್ದು 33 ಕಿಲೋಮೀಟರ್. ಕ್ಷಿಪಣಿ 400 ಕಿಲೋಮೀಟರ್ ಹಾರಬಲ್ಲದು ನಿಜ. ಆದರೆ ನೆಲದ ಮೇಲಿನ ರಾಡಾರಿಗೆ ಕಾಣದ್ದನ್ನು ಅದು ಹೇಗೆ ಹೊಡೆಯಬೇಕು?

ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ ನಾಲ್ಕು ಸೆಕೆಂಡಿಗೆ ಒಂದು ಕಿಲೋಮೀಟರ್ ದಾಟುತ್ತದೆ. ಇದು ಸಿಕ್ಕಿದ ಕೂಡಲೇ ಪಾಠ ಹೇಗಿರಬೇಕೆಂದು ಗೊತ್ತಾಯಿತು.

ಟೆರೇಸಿನ ಮೇಲೆ ನೀರಿನ ಟ್ಯಾಂಕಿನಿಂದ ಆ ತುದಿಯವರೆಗೆ ಅರ್ಧ ಮೀಟರಿಗೊಂದರಂತೆ 33 ಸೀಮೆಸುಣ್ಣದ ಗೆರೆ ಎಳೆದೆ. ಒಂದು ಗೆರೆ ಒಂದು ಕಿಲೋಮೀಟರ್. ಫೋನುಗಳನ್ನು ಕೆಳಗೇ ಬಿಡಿಸಿದ್ದೆ, ವಾಯುನೆಲೆಯ ಪಕ್ಕದಲ್ಲಿ ಫೋಟೊ ಬೇಡ. ಒಬ್ಬ ಹುಡುಗ ವಿಮಾನ. ನಾಲ್ಕು ಎಣಿಸಿ ಒಂದು ಗೆರೆ ದಾಟಬೇಕು. ಒಬ್ಬಳು ಕ್ಷಿಪಣಿ. ಎರಡು ಎಣಿಸಿ ಒಂದು ಗೆರೆ, ಅಂದರೆ ಸೆಕೆಂಡಿಗೆ ಸರಾಸರಿ 500 ಮೀಟರ್. ಟ್ಯಾಂಕಿನ ಬಳಿ ಉಳಿದವರು ರಾಡಾರ್ ಆಪರೇಟರುಗಳು, ಕಮಾಂಡರ್. 15ನೇ ಗೆರೆಯ ಒಳಗೆ ವಿಮಾನ ಬಂದರೆ ಬಾಂಬು ಬಿತ್ತು ಅಂತ ಲೆಕ್ಕ.

ಕ್ಷಿಪಣಿ 15 ಗೆರೆ ದಾಟಲು 30 ಸೆಕೆಂಡು ಬೇಕು. ಅಷ್ಟರಲ್ಲಿ ವಿಮಾನ ಏಳೂವರೆ ಗೆರೆ ಮುಂದೆ ಬಂದಿರುತ್ತದೆ. ಹಾಗಾದರೆ ಅದು ಇಪ್ಪತ್ತೆರಡೂವರೆ ಗೆರೆಯಲ್ಲಿದ್ದಾಗಲೇ ಕ್ಷಿಪಣಿ ಹೊರಡಬೇಕು. 33ರಿಂದ ಅಲ್ಲಿಗೆ 42 ಸೆಕೆಂಡು. ಕಂಡದ್ದು ಹಕ್ಕಿಯೋ ವಿಮಾನವೋ, ನಮ್ಮದೋ ಪರರದೋ, ಯಾವ ಲಾಂಚರ್, ಯಾರ ಅಪ್ಪಣೆ, ಎಲ್ಲವೂ ಆ 42 ಸೆಕೆಂಡಿನಲ್ಲಿ ಮುಗಿಯಬೇಕು.

ಮೊದಲ ಸಲ ಮಕ್ಕಳು ತೆಗೆದುಕೊಂಡದ್ದು ಒಂದು ನಿಮಿಷಕ್ಕಿಂತ ಜಾಸ್ತಿ. ವಿಮಾನದ ಹುಡುಗ ನಗುತ್ತ ಟ್ಯಾಂಕಿನವರೆಗೂ ಬಂದ.

ಪೆಚೋರಾ ಕ್ಯಾಬಿನಿನೊಳಗೆ ಈ ಸೆಕೆಂಡುಗಳು ಹೇಗಿರುತ್ತವೆ ಎಂದು ಆಗ ಹೇಳಿದೆ. ಕತ್ತಲು, ಸೆಕೆ, ಉಪಕರಣದ ಬಿಸಿ. ಆಪರೇಟರುಗಳು ಪರದೆಯ ಮೇಲಿನ ಚುಕ್ಕೆಯನ್ನು ಬಿಡದೆ ಹಿಡಿದಿರುತ್ತಾರೆ. ಆ ಕ್ಷಿಪಣಿಗೆ ತನ್ನದೇ ಕಣ್ಣಿಲ್ಲ, ನೆಲದಿಂದ ರೇಡಿಯೊ ಆಜ್ಞೆ ಕೊಟ್ಟು ಕೊನೆಯವರೆಗೂ ನಡೆಸಬೇಕು. ಕ್ಯಾಬಿನಿನಿಂದ ಲಾಂಚರುಗಳಿಗೆ ದಪ್ಪ ಕೇಬಲ್ ಹೋಗುತ್ತದೆ. ಮಳೆಗಾಲದಲ್ಲಿ ಪ್ಲಗ್ಗಿನೊಳಗೆ ತೇವ ಸೇರಿದರೆ ನಾಲ್ಕು ಕ್ಷಿಪಣಿ ಹೊತ್ತ ಲಾಂಚರ್ ‘ತಯಾರಿಲ್ಲ’ ಎಂದುಬಿಡುತ್ತಿತ್ತು. ನನ್ನ ಕೆಲಸ ಅದೇ ಆಗಿತ್ತು. ಬೆಳಗಿನ ಜಾವ ಪ್ಲಗ್ ಬಿಚ್ಚುವುದು, ಸ್ಪಿರಿಟ್ ಹಾಕಿ ಒಂದೊಂದೇ ಪಿನ್ ಒರೆಸುವುದು, ಒಣಗಿಸಿ ಮತ್ತೆ ಬಿಗಿಯುವುದು, ಕ್ಯಾಬಿನಿಗೆ ಓಡಿ ಹಸಿರು ದೀಪ ಬಂತೇ ಎಂದು ನೋಡುವುದು. ಬೆರಳ ತುದಿ ಬಿಳಿಚಿ ಸುಕ್ಕುಗಟ್ಟುತ್ತಿತ್ತು. ಆ 42 ಸೆಕೆಂಡಿನಲ್ಲಿ ಪಿನ್ ಒರೆಸಲು ಯಾರಿಗೂ ಬಿಡುವಿಲ್ಲ. ಅದು ಆರು ತಿಂಗಳ ಮೊದಲೇ, ಪ್ರತಿದಿನವೂ, ಆಗಿರಬೇಕು. ದೇಶದ ವಾಯುರಕ್ಷಣೆಯಲ್ಲಿ ಹೆಚ್ಚು ಪಾಲು ಇಂಥ ಕೆಲಸ ಎಂದು ನಾನು ಇವತ್ತಿಗೂ ನಂಬುತ್ತೇನೆ.

1999ರ ಮಾರ್ಚ್ 27ರಂದು ಸರ್ಬಿಯಾದಲ್ಲಿ ಇದೇ ಜಾತಿಯ ಕ್ಷಿಪಣಿ ಅಮೆರಿಕದ ಎಫ್-117 ವಿಮಾನವನ್ನು ಬೀಳಿಸಿತು. ರಾಡಾರಿಗೆ ಸಿಗದಂತೆ ಮಾಡಿದ್ದ ವಿಮಾನ ಅದು. ಆ ತುಕಡಿಯ ಅಧಿಕಾರಿ ಜೋಲ್ತಾನ್ ದಾನಿ ರಾಡಾರನ್ನು ಕೆಲವೇ ಸೆಕೆಂಡು ಹಚ್ಚಿ ಆರಿಸಿಬಿಡುವಂತೆ, ಮತ್ತೆ ಮತ್ತೆ ಜಾಗ ಬದಲಿಸುವಂತೆ ತನ್ನವರನ್ನು ತಯಾರು ಮಾಡಿದ್ದ. ಹಳೆಯ ಯಂತ್ರಕ್ಕೆ ಪಳಗಿದ ಕೈ ಸಿಕ್ಕಿತ್ತು.

ಎರಡನೇ ಸುತ್ತಿಗೆ ಒಬ್ಬ ಹುಡುಗನನ್ನು ಟೆರೇಸಿನ ಆ ತುದಿಯ ಕಟ್ಟೆಯ ಮೇಲೆ ಕೂರಿಸಿದೆ. ಅವನು ದೂರದ ರಾಡಾರ್, ಅಥವಾ ಆಕಾಶದಲ್ಲೇ ರಾಡಾರ್ ಹೊತ್ತು ಹಾರುವ ವಿಮಾನ. ಎತ್ತರದಿಂದ ನೋಡಿದರೆ ತಗ್ಗಿನಲ್ಲಿ ಬರುವುದೂ ಬೇಗ ಕಾಣುತ್ತದೆ. ವಿಮಾನ 33ನೇ ಗೆರೆಗೆ ಬರುವ ಮುಂಚೆಯೇ “ಬರ್ತಾ ಇದೆ!” ಎಂದು ಅವನು ಕೂಗಿದ. ಟ್ಯಾಂಕಿನ ಬಳಿಯವರು ಎದ್ದು ನಿಂತರು. ಎಲ್ಲ ರಾಡಾರುಗಳ ಚಿತ್ರವನ್ನು ಒಂದೇ ಕಡೆ ಕೂಡಿಸುವ ಜಾಲ ವಾಯುಪಡೆಗೆ ಇದೆ, ಐಎಸಿಸಿಎಸ್ ಅನ್ನುತ್ತಾರೆ. ಮೇ ತಿಂಗಳಲ್ಲಿ ನೂರಾರು ಡ್ರೋನ್ ಬಂದಾಗ ಯಾವುದಕ್ಕೆ ಎಲ್-70 ತೋಪು, ಯಾವುದಕ್ಕೆ ಕ್ಷಿಪಣಿ ಎಂದು ಹಂಚಿಕೊಳ್ಳಲು ಇಂಥ ಜಾಲವೇ ಬೇಕು. ಪೆಚೋರಾ ಕೂಡ ಆಗ ಕೆಲಸ ಮಾಡಿತು ಎಂದು ಸರ್ಕಾರದ ಪ್ರಕಟಣೆಯಲ್ಲಿ ಓದಿ ನನಗೆ ಕಣ್ಣು ತುಂಬಿತು.

ಮೂರನೇ ಸುತ್ತಿನಲ್ಲಿ ಯಾರಿಗೂ ಹೇಳದೆ ವಿಮಾನದ ಹುಡುಗನ ಕೈಗೆ ಒಂದು ಗುಟ್ಟಿನ ಮಾತು ಬರೆದ ಚೀಟಿ ಕೊಟ್ಟೆ. ಕಮಾಂಡರ್ ಕೇಳಿದರೆ ಮಾತ್ರ ಹೇಳಬೇಕು. ಈಗ ಕಮಾಂಡರ್ ಆಗಿದ್ದವಳು ಆ ಮೂರನೇ ಮಹಡಿಯ ಹುಡುಗಿ. ಅವಸರದಲ್ಲಿ ಕೇಳಲಿಲ್ಲ. ಕ್ಷಿಪಣಿ ಹೋಯಿತು, ಮುಟ್ಟಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗ ಚೀಟಿ ತೋರಿಸಿದ. ಅವನು ನಮ್ಮವನು.

ಚಪ್ಪಾಳೆ ನಿಂತಿತು. ಬದ್ಗಾಮ್‌ನ ವಿಷಯ ಹೇಳಿದೆ. 2019ರ ಫೆಬ್ರವರಿ 27ರಂದು ಶ್ರೀನಗರದ ಬಳಿ ನಮ್ಮದೇ ಕ್ಷಿಪಣಿ ನಮ್ಮದೇ ಎಂಐ-17 ಹೆಲಿಕಾಪ್ಟರನ್ನು ಹೊಡೆಯಿತು. ಒಳಗಿದ್ದ ಆರು ಮಂದಿ, ನೆಲದ ಮೇಲಿದ್ದ ಒಬ್ಬರು ಹೋದರು. ದೊಡ್ಡ ತಪ್ಪಾಯಿತು ಎಂದು ವಾಯುಪಡೆಯ ಮುಖ್ಯಸ್ಥರೇ ಒಪ್ಪಿಕೊಂಡರು. ಮಕ್ಕಳಿಗೆ ಇದನ್ನು ಹೇಳಬೇಕಿತ್ತಾ ಎಂದು ಒಬ್ಬ ತಾಯಿ ಆಮೇಲೆ ಕೇಳಿದರು. ಹೇಳಲೇಬೇಕು ಅಂತ ನನ್ನ ಅಭಿಪ್ರಾಯ. ಗುಂಡಿ ಒತ್ತುವುದಕ್ಕಿಂತ ತಡೆದು ಕೇಳುವುದು ಕಷ್ಟ. ಕ್ಯಾಬಿನಿನಲ್ಲಿ ಕೂತ ಪ್ರತಿಯೊಬ್ಬನಿಗೂ ಅದು ಗೊತ್ತು.

“ಕಾಕಾ, ನೀವು ಎಷ್ಟು ಹೊಡದೀರಿ?” ಎಂದಳು ಅವಳು.

“ಯುದ್ಧದಾಗ ಒಂದೂ ಇಲ್ಲವ್ವ. ಅಭ್ಯಾಸದಾಗ ಹಾರಿದ್ದನ್ನ ಎರಡು ಸಲ ನೋಡೀನಿ, ಆಂಧ್ರದ ಸೂರ್ಯಲಂಕಾ ಸಮುದ್ರದ ದಂಡಿ ಮ್ಯಾಲೆ.”

“24 ವರ್ಷದಾಗ ಎರಡ?”

“ಎರಡ.”

ಅವಳು ಸ್ವಲ್ಪ ಹೊತ್ತು ಗೆರೆಗಳನ್ನೇ ನೋಡುತ್ತ ನಿಂತಳು. ಆಮೇಲೆ ಚೀಟಿ ಮಡಚಿ ವಿಮಾನದ ಹುಡುಗನ ಕೈಗೆ ಕೊಟ್ಟು, ನಾನು ಕೇಳಿದಾಗ ಗುಟ್ಟಿನ ಮಾತು ಹೇಳಬೇಕೋ ಬೇಡವೋ ಈ ಸಲ ನೀನೇ ನಿರ್ಧರಿಸು, ಮೊದಲೇ ನಮಗೆ ತಿಳಿಸಬೇಡ ಎಂದಳು. ಕತ್ತಲಾಗುವವರೆಗೆ ಆರು ಸುತ್ತು ಆಯಿತು. ಕೊನೆಯ ಸುತ್ತಿನಲ್ಲಿ ಅವಳು ಕೇಳಿದಳು, ಉತ್ತರ ಬರಲಿಲ್ಲ, ಇನ್ನೊಂದು ಸಲ ಕೇಳಿದಳು, ಆಮೇಲೆ ಕ್ಷಿಪಣಿ ಹೊರಡಲಿ ಎಂದು ಕೈ ಎತ್ತಿದಳು. ನನ್ನ ಗಡಿಯಾರದಲ್ಲಿ 39 ಸೆಕೆಂಡು.