ಕೆತ್ತನೆ ಬಿಟ್ಟು ನೆರಳು ಬರೆದೆ

ನಾನು ಕಲಿತದ್ದು ಧಾರವಾಡದಲ್ಲಿ, ಡಿ. ವಿ. ಹಾಲಭಾವಿಯವರು ಕಟ್ಟಿದ ಚಿತ್ರಕಲಾ ಶಾಲೆಯಲ್ಲಿ. ಈಗ ಗದಗಿನಲ್ಲಿ ಡ್ರಾಯಿಂಗ್ ಮಾಸ್ತರ. ಸಂಜೆ ಫೋಟೊ ನೋಡಿ ಭಾವಚಿತ್ರ ಬರೆದುಕೊಡುತ್ತೇನೆ, ಮನೆ ನಡೆಯುವುದು ಈ ಎರಡರಿಂದ. ರವಿವಾರ ಮಾತ್ರ ಲಕ್ಕುಂಡಿಗೆ ಮೀಸಲು, ಅಲ್ಲಿನ ಹಳೆಯ ಕಲ್ಲಿನ ಗುಡಿಗಳನ್ನು ಜಲವರ್ಣದಲ್ಲಿ ಬರೆಯುತ್ತೇನೆ.

ಕಾಶಿವಿಶ್ವನಾಥ ಗುಡಿಯ ಮುಂದೆ ಕೂತರೆ ಯಾರಿಗಾದರೂ ದಿಗಿಲಾಗುತ್ತದೆ. ಅಷ್ಟು ಕೆತ್ತನೆ! ಒಂದೊಂದೇ ಬಳ್ಳಿ, ಒಂದೊಂದೇ ಮೂರ್ತಿ ಬರೆಯುತ್ತಾ ಹೋದರೆ ನಕ್ಷೆ ಆಗುತ್ತದೆ, ಕಲ್ಲು ಆಗುವುದಿಲ್ಲ. ಕಣ್ಣು ಕಿರಿದು ಮಾಡಿ ನೋಡಿ. ಗೆರೆಗಳೆಲ್ಲ ಮಾಯವಾಗಿ ಬಿಸಿಲು, ನೆರಳು ಎರಡೇ ಉಳಿಯುತ್ತವೆ. ನಾನು ಬರೆಯುವುದು ಆ ನೆರಳನ್ನು.

ಇಲ್ಲಿಯದು ಬಳಪದ ಕಲ್ಲು, ಕಪ್ಪಿನೊಳಗೆ ಸಣ್ಣಗೆ ಹಸಿರು. ಟ್ಯೂಬಿನ ಕಪ್ಪು ಹಾಕಿದರೆ ಸತ್ತಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನಾ ಅನ್ನುವ ಕೆಂಗಂದು ಬೆರೆಸಿ, ಚೂರು ಹಸಿರು ಮುಟ್ಟಿಸುತ್ತೇನೆ. ಅಲ್ಟ್ರಾಮರೀನ್ ಕಣಗಳು ಕಾಗದದ ತಗ್ಗುಗಳಲ್ಲಿ ಕೂತು, ಕಲ್ಲಿನ ತರಿ ತಾನಾಗಿಯೇ ಬರುತ್ತದೆ.

ಒಳಗಿನ ನುಣುಪು ಕಂಬ ಬರೆಯುವುದು ನನಗೆ ಎಲ್ಲಕ್ಕಿಂತ ಇಷ್ಟ. ಹೊಳಪಿನ ಜಾಗ ಒಣ ಬಿಟ್ಟು, ಉಳಿದಲ್ಲಿ ನೀರು ಸವರುತ್ತೇನೆ. ಆ ನೀರಿಗೆ ಬಣ್ಣ ಬಿಟ್ಟು ಬೋರ್ಡ್ ಸ್ವಲ್ಪ ವಾಲಿಸಿದರೆ ಕಂಬ ದುಂಡಗಾಗುತ್ತದೆ. ಹೊಳಪಿನ ಒಂದು ಅಂಚು ಚೂಪಾಗಿಯೇ ಇರಲಿ, ಇನ್ನೊಂದನ್ನು ಒದ್ದೆ ಬ್ರಶ್‌ನಿಂದ ಕರಗಿಸಬೇಕು. ಕತ್ತಲೆ ಬದಿಯ ತುದಿಯಲ್ಲೂ ಮಂದ ಬೆಳಕು ಇರುತ್ತದೆ, ನೆಲದ ಬಿಸಿಲು ಅಲ್ಲಿಗೆ ತಾಗುತ್ತದಲ್ವಾ? ಅದಕ್ಕೆ ಸ್ವಲ್ಪ ಕಂದು. ಬಿಳಿ ಬಣ್ಣ ಮುಟ್ಟುವುದೇ ಇಲ್ಲ. ಕಾಗದವೇ ನನ್ನ ಬಿಳಿ.

ಪೂರ್ತಿ ಒಣಗಿದ ಮೇಲೆ ಕೆತ್ತನೆಯ ಮೇಲೆ ಬೀಳುವ ನೆರಳನ್ನು ಒಂದೇ ಎಳೆತದಲ್ಲಿ ಹಾಕುತ್ತೇನೆ. ಎರಡನೇ ಸಲ ಉಜ್ಜಿದರೆ ಕೆಳಗಿನ ಬಣ್ಣ ಎದ್ದು ರಾಡಿ ಆಗುತ್ತದೆ.

ಒಮ್ಮೆ ಹಿಂದೆ ನಿಂತಿದ್ದ ಅಜ್ಜಾರು ಕೇಳಿದರು, "ಮಾಸ್ತರ, ಮೂರ್ತಿಗೆ ಕೈಯೇ ಬರದಿಲ್ಲಲ್ರೀ?" ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡ್ರಿ ಅಂದೆ. ನೋಡಿ, "ಐತಿ, ಐತಿ" ಅಂದರು.

ಏಪ್ರಿಲ್ ಬಿಸಿಲಿಗೆ ಇಲ್ಲಿ ಬಣ್ಣ ಹರಿಯುವ ಮೊದಲೇ ಒಣಗುತ್ತದೆ. ಕಾಗದವನ್ನು ಎರಡೂ ಕಡೆ ತೋಯಿಸಿಕೊಳ್ಳುತ್ತೇನೆ. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹತ್ತಿ ಕಾಗದ ಇಷ್ಟು ನೀರನ್ನು ತಾಳಿಕೊಳ್ಳುತ್ತದೆ. ದುಬಾರಿ, ನಿಜ. ದುಡ್ಡು ಕಡಿಮೆ ಇದ್ದರೆ ಬಣ್ಣದ ಟ್ಯೂಬು ಕಡಿಮೆ ಮಾಡಿ, ಕಾಗದದಲ್ಲಿ ಉಳಿಸಬೇಡಿ. ಚಿತ್ರ ಕೊಂಡವರಿಗೆ ಬಿಸಿಲು ಬೀಳುವ ಗೋಡೆ ಬೇಡ ಅಂತ ತಪ್ಪದೆ ಹೇಳುತ್ತೇನೆ. ಅಲಿಜರಿನ್ ಕ್ರಿಮ್ಸನ್‌ನಂಥ ಕೆಂಪು ಬೇಗ ಮಾಸುತ್ತದೆ, ಅದಕ್ಕೇ ಮಾರುವ ಚಿತ್ರಕ್ಕೆ ಅದನ್ನು ಬಳಸುವುದಿಲ್ಲ.