ಎರಡು ಸ್ಯಾಂಪಲ್, ಒಂದೇ ಸ್ಲೈಡ್: ರಿಕೆಟ್ಸಿಯಾ ಟೆಸ್ಟಲ್ಲಿ ನನ್ನ ಅನುಭವ

ಉಣುಗು ಕಚ್ಚಿ ಬರೋ ಸ್ಪಾಟೆಡ್ ಫೀವರ್‌ಗೆ ಆಂಟಿಬಾಡಿ ಟೆಸ್ಟ್ ಮಾಡೋದು ನನ್ ಕೆಲ್ಸ. ಐಎಫ್‌ಎ ಅಂತೀವಿ. ಈ ಜ್ವರ ತರೋ ರಿಕೆಟ್ಸಿಯಾ ಅನ್ನೋ ಬ್ಯಾಕ್ಟೀರಿಯಾ ತುಂಬ್ಕೊಂಡಿರೋ ಸೆಲ್‌ಗಳು ಸ್ಲೈಡ್ ಮೇಲೆ ಅಂಟಿರ್ತವೆ, ಅದ್ರ ಮೇಲೆ ಪೇಶಂಟ್ ಸೀರಂ (ರಕ್ತದ ತಿಳಿ ಭಾಗ) ಬಿಟ್ಟು ತೊಳ್ದು, ಆಮೇಲೆ ಹೊಳೆಯೋ ಡೈ ಇರೋ ಆಂಟಿ ಹ್ಯೂಮನ್ ಐಜಿಜಿ ಹಾಕೋದು, ಅದು ಮನುಷ್ಯರ ಐಜಿಜಿ ಅನ್ನೋ ಬಗೆಯ ಆಂಟಿಬಾಡಿಗೆ ಹೋಗಿ ಅಂಟತ್ತೆ. ಆಂಟಿಬಾಡಿ ಇದ್ರೆ ಕತ್ತಲೆ ರೂಮಲ್ಲಿ, ಮೈಕ್ರೋಸ್ಕೋಪ್ ಒಳಗೆ, ಹಸಿರು ಚುಕ್ಕೆ ಕಡ್ಡಿಗಳು ಮಿಣಮಿಣ ಅಂತವೆ.

ಹೊಸದ್ರಲ್ಲಿ ತಲೆ ಕೆಡ್ತಿತ್ತು. ಜ್ವರ, ದದ್ದು, ಕಚ್ಚಿದ್ ಜಾಗದಲ್ಲಿ ಸುಟ್ಟಂಗೆ ಕಪ್ಪು ಹಕ್ಕಳೆ, ಎಲ್ಲಾ ಇದ್ದೂ ಮೂರ್ನೇ ದಿನದ ಸ್ಯಾಂಪಲ್ ನೆಗೆಟಿವ್! ಟೆಸ್ಟ್ ತಪ್ಪಲ್ಲ, ಈ ಬ್ಯಾಕ್ಟೀರಿಯಾ ರಕ್ತನಾಳದ ಒಳಪದರದ ಸೆಲ್‌ಗಳೊಳಗೇ ಅಡಗಿ ಕೂರತ್ತೆ, ಅಲ್ಲಿ ಅದನ್ನ ಹಿಡಿಯೋದು ಮುಖ್ಯವಾಗಿ ಸಿಡಿ8 ಟಿ ಸೆಲ್ಲು (ಸೋಂಕಾದ ಸೆಲ್‌ಗಳನ್ನ ಕೊಲ್ಲೋ ಬಿಳಿ ರಕ್ತಕಣ), ಇಂಟರ್‌ಫೆರಾನ್ ಗಾಮಾ (ರೋಗನಿರೋಧಕ ಸೆಲ್‌ಗಳು ಬಿಡೋ ಸಿಗ್ನಲ್ ಪ್ರೋಟೀನ್) ಇವೆಲ್ಲ, ನಾವು ಅಳೆಯೋ ಆಂಟಿಬಾಡಿ ಕಾಣಿಸ್ಕೊಳ್ಳೋಕೆ ಸಾಮಾನ್ಯವಾಗಿ 7ರಿಂದ 10 ದಿನ ಬೇಕು. ಅದಕ್ಕೇ ಡಾಕ್ಟರು ನಮ್ ರಿಪೋರ್ಟ್‌ಗೆ ಕಾಯದೇನೇ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಶುರು ಮಾಡ್ಬೇಕು. ಐಜಿಎಂ ಅನ್ನೋ ಇನ್ನೊಂದು ಬಗೆ ಆಂಟಿಬಾಡಿ ನೋಡಿ ಅಂತಾರೆ ಕೆಲವ್ರು, ನಂಗೆ ಅದ್ರ ಮೇಲೆ ನಂಬಿಕೆ ಕಮ್ಮಿ, ಸುಳ್ಳು ಪಾಸಿಟಿವ್ ಜಾಸ್ತಿ.

ನಮಗೆ ಬೇಕಾಗಿರೋದು ಏರಿಕೆ. 2ರಿಂದ 4 ವಾರ ಬಿಟ್ಟು ತೆಗೆದ ಎರಡನೇ ಸ್ಯಾಂಪಲಲ್ಲಿ ಟೈಟರ್ ನಾಲ್ಕು ಪಟ್ಟಾದ್ರೆ ಕನ್ಫರ್ಮ್. ಟೈಟರ್ ಅಂದ್ರೆ ಸೀರಂನ ಎಷ್ಟು ತೆಳು ಮಾಡಿದ್ರೂ ಇನ್ನೂ ಹಸಿರು ಕಾಣತ್ತೋ ಆ ಕೊನೇ ಡೈಲ್ಯೂಷನ್, 1:64 ಅಂದ್ರೆ 64 ಪಟ್ಟು ತೆಳು. ಇಲ್ಲೇ ನಾನು ಎಡವಿದ್ದು. ಒಂದು ಕೇಸಲ್ಲಿ ಮೊದಲ್ನೇದು 1:64, ಎರಡು ವಾರ ಆದ್ಮೇಲೆ ಬೇರೆ ದಿನ ಬೇರೆ ಸ್ಲೈಡಲ್ಲಿ ಎರಡನೇದು 1:256, ನಾಲ್ಕು ಪಟ್ಟು ಅಂತ ಖುಷಿಯಾಗಿ ರಿಪೋರ್ಟ್ ಬರೆದಿಟ್ಟೆ. ಸೀನಿಯರ್ ಒಬ್ರು ಸೈನ್ ಹಾಕೋಕೆ ಮುಂಚೆ ‘ಎರಡೂ ಒಟ್ಟಿಗೆ ಹಾಕಿದ್ಯಾ?’ ಅಂದ್ರು. ಇಲ್ಲ. ಫ್ರೀಜರಿಂದ ಹಳೇ ಟ್ಯೂಬ್ ತೆಗೆದು ಪಕ್ಕಪಕ್ಕ ಹಾಕಿದ್ರೆ 1:128, 1:256. ಬರೀ ಎರಡು ಪಟ್ಟು! ಕೊನೇ ಡೈಲ್ಯೂಷನ್‌ನಲ್ಲಿ ಆ ಹಸಿರು ಇದ್ಯೋ ಇಲ್ವೋ ಅಂತ ಹೇಳೋದು ಕಣ್ಣೇ ತಾನೇ, ಒಂದು ಮೆಟ್ಟಿಲು, ಅಂದ್ರೆ ಎರಡು ಪಟ್ಟು, ಆಚೆ ಈಚೆ ಆಗೇ ಆಗತ್ತೆ.

ಆವತ್ತಿಂದ ಮೊದಲ್ನೇ ಟ್ಯೂಬ್ ಎಸೆಯಲ್ಲ, ಲೇಬಲ್ ಹಚ್ಚಿ ಫ್ರೀಜರ್‌ಗೆ, ಎರಡನೇದು ಬಂದಾಗ ಎರಡೂ ಒಂದೇ ಸ್ಲೈಡಲ್ಲಿ, ಯಾವ್ದು ಯಾವ್ದು ಅಂತ ಗೊತ್ತಿಲ್ದಿರೋರು ಓದ್ತಾರೆ. ಆ ಪೇಶಂಟ್‌ಗೆ ಇನ್ನೊಂದು ಸ್ಯಾಂಪಲ್ ಕೊಡಿ ಅಂತ ಹೇಳಿಸಿದ್ವಿ, ಅವ್ರು ಅಷ್ಟೊತ್ತಿಗೆ ಪೂರ್ತಿ ಹುಷಾರಾಗಿದ್ರು, ಬರ್ಲೇ ಇಲ್ಲ.