ತಲೆ ಮೇಲೆ ವಿಮಾನದ ಸದ್ದು: ಬೈಯುವ ಮೊದಲು ಬರೆದಿಡಿ

ರಾತ್ರಿ ಒಂದೂವರೆಗೆ ಕಿಟಕಿ ಗಾಜು ಗಡಗಡ ನಡುಗುತ್ತದೆ. ಮಲಗಿದ್ದ ಮಗು ಎದ್ದು ಕೂರುತ್ತದೆ. ಬೆಳಿಗ್ಗೆ ಸಿಟ್ಟಿನಲ್ಲೇ ವಿಮಾನ ನಿಲ್ದಾಣಕ್ಕೆ ಫೋನ್ ಮಾಡಿ, "ಏನ್ರೀ ಇದು, ತಡೆಯೋಕಾಗ್ತಿಲ್ಲ" ಎನ್ನುತ್ತೀರಿ. ಆ ಕಡೆಯವರು "ಬರ್ಕೊಂಡಿದೀವಿ ಸರ್" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು.

"ಸದ್ದು ಜಾಸ್ತಿ" ಎಂಬ ದೂರಿಗೆ ಯಾರ ಬಳಿಯೂ ಉತ್ತರ ಇರುವುದಿಲ್ಲ. "ಎಂಜಿನ್ ಪರೀಕ್ಷೆಯನ್ನು ರಾತ್ರಿ ಹನ್ನೊಂದರ ಮೇಲೆ ಮಾಡಬೇಡಿ" ಎಂದರೆ ಹೌದು ಅಥವಾ ಇಲ್ಲ ಎಂದು ಹೇಳಲೇಬೇಕಾಗುತ್ತದೆ. ಮೊದಲನೆಯ ಮಾತಿನಿಂದ ಎರಡನೆಯದಕ್ಕೆ ಬರುವುದು ಹೇಗೆ? ಅದಕ್ಕೆ ಒಂದು ನೋಟ್‌ಬುಕ್ ಮತ್ತು ಒಂದು ತಿಂಗಳ ತಾಳ್ಮೆ ಬೇಕು.

ಮೊದಲು ಕಿವಿಗೊಟ್ಟು ಕೇಳಿ

ವಿಮಾನದ ಸದ್ದು ಅಂದರೆ ಒಂದೇ ಸದ್ದಲ್ಲ. ಹೊರಡುವ ವಿಮಾನದ್ದು ಎಂಜಿನ್ನಿನ ಆರ್ಭಟ. ಅದು ಕಣ್ಮರೆಯಾದ ಮೇಲೂ ದೂರದ ಗುಡುಗಿನ ಹಾಗೆ ಎಳೆಯುತ್ತಿರುತ್ತದೆ. ಇಳಿಯುವಾಗ ಎಂಜಿನ್ ಅಷ್ಟು ದುಡಿಯುತ್ತಿರುವುದಿಲ್ಲ. ಚಕ್ರ ಕೆಳಗಿಳಿದಿರುತ್ತದೆ, ರೆಕ್ಕೆಯ ಹಿಂಬದಿಯ ಪಟ್ಟಿಗಳು (ಫ್ಲಾಪ್‌ಗಳು) ಚಾಚಿಕೊಂಡಿರುತ್ತವೆ. ಅವಕ್ಕೆ ಗಾಳಿ ಬಡಿದು ಏಳುವ ಭೋರೆಂಬ ಸದ್ದೂ ದೊಡ್ಡ ಪಾಲೇ. ನೆಲ ಮುಟ್ಟಿದ ಕೂಡಲೇ ಒಮ್ಮೆಲೇ ಗರ್ಜಿಸಿ ಕೆಲವು ಸೆಕೆಂಡಿನಲ್ಲಿ ನಿಂತುಹೋಗುವುದು, ವೇಗ ತಗ್ಗಿಸಲು ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿದಾಗಿನ ಸದ್ದು. ಇನ್ನು ಎಲ್ಲೂ ಚಲಿಸದೆ ಒಂದೇ ದಿಕ್ಕಿನಿಂದ ಹತ್ತಿಪ್ಪತ್ತು ನಿಮಿಷ ಒಂದೇ ಸಮ ಬರುತ್ತಿದ್ದರೆ, ಬಹುಶಃ ದುರಸ್ತಿಯಾದ ಎಂಜಿನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ. ಇಲ್ಲವೇ ನಿಂತ ವಿಮಾನಕ್ಕೆ ಕರೆಂಟು, ಎಸಿ ಕೊಡುವ ಬಾಲದ ಪುಟ್ಟ ಎಂಜಿನ್ ಓಡುತ್ತಿದೆ.

ಸಿಳ್ಳೆಯೂ ಉಂಟು. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಕೂಗುತ್ತದಲ್ಲ, ಏರ್‌ಬಸ್ ಎ320 ಜಾತಿಯ ವಿಮಾನಗಳು ಹಾಗೇ ಕೂಗುತ್ತಿದ್ದವು. ರೆಕ್ಕೆಯ ಅಡಿಯಲ್ಲಿ ಇಂಧನ ಟ್ಯಾಂಕಿನ ಒತ್ತಡ ಬಿಡಲು ಇರುವ ದುಂಡನೆಯ ತೂತುಗಳೇ ಅದಕ್ಕೆ ಕಾರಣ. ತೂತಿನ ಮುಂದೆ ಒಂದು ಸಣ್ಣ ಲೋಹದ ತುಂಡು ಕೂರಿಸಿದರೆ ಸಿಳ್ಳೆ ನಿಲ್ಲುತ್ತದೆ. 2014ರಲ್ಲಿ ಜರ್ಮನಿಯ ವಿಮಾನ ಕಂಪನಿ ಲುಫ್ತಾನ್ಸಾ ಇಂಥ ತುಂಡು ಇರುವ ಹೊಸ ಎ320 ಪಡೆಯಿತು. ಆಮೇಲೆ ಹಳೆಯ ವಿಮಾನಗಳಿಗೂ ಹಾಕಿಸಿತು. ಸಿಳ್ಳೆ ಎಂದು ಗುರುತಿಸಿದ್ದರಿಂದ ತಾನೇ ತೂತು ಸಿಕ್ಕಿದ್ದು?

ನೋಟ್‌ಬುಕ್ ಶುರು ಮಾಡಿ

ಪುಟ ಹೀಗಿರಲಿ:

"ಮಂಗಳವಾರ, ರಾತ್ರಿ 11:42. ಇಳಿಯುತ್ತಿತ್ತು, ಪೂರ್ವದ ಕಡೆಯಿಂದ ಬಂತು. ಗಾಳಿ ಪಶ್ಚಿಮದಿಂದ. ಕಿಟಕಿ ಮುಚ್ಚಿತ್ತು, ಆದರೂ ಟಿವಿಯ ಮಾತು ಕೇಳಲಿಲ್ಲ. 11:46, ಇನ್ನೊಂದು, ಅದೇ ದಾರಿ. 12:30ರಿಂದ 12:55, ನೆಲದ ಸದ್ದು, ಒಂದೇ ಸಮ. ಎದ್ದು ಕೂತೆ."

ಇಷ್ಟೇ ಸಾಕು. "ಭಯಂಕರ", "ನರಕ" ಎಂದೆಲ್ಲ ಬರೆಯಬೇಡಿ. ಟಿವಿಯ ಮಾತು ಕೇಳಲಿಲ್ಲ ಎಂಬ ಒಂದು ಸಾಲು ಅವೆಲ್ಲಕ್ಕಿಂತ ಗಟ್ಟಿ.

ಗಾಳಿಯನ್ನು ಮಾತ್ರ ಬಿಡಬೇಡಿ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಗಾಳಿ ತಿರುಗಿದರೆ ರನ್‌ವೇಯನ್ನು ಬಳಸುವ ದಿಕ್ಕೂ ತಿರುಗುತ್ತದೆ. "ಹೋದ ವಾರ ಏನೂ ಇರಲಿಲ್ಲ, ಈ ವಾರ ಬೇಕಂತಲೇ ನಮ್ಮ ಮೇಲೆ ಬಿಡ್ತಿದ್ದಾರೆ" ಎಂಬ ಸಂಶಯ ಎಷ್ಟೋ ಸಲ ಇಲ್ಲೇ ಬಗೆಹರಿಯುತ್ತದೆ. ಬಗೆಹರಿಯದಿದ್ದರೆ, ಅಂದರೆ ಗಾಳಿ ಅದೇ ಇದ್ದೂ ದಾರಿ ಬದಲಾಗಿದ್ದರೆ, ನಿಮ್ಮ ಕೈಗೆ ಒಂದು ಒಳ್ಳೆಯ ಪ್ರಶ್ನೆ ಸಿಕ್ಕಿತು.

ಬರೆದ ಸಮಯವನ್ನು ಫ್ಲೈಟ್‌ರಾಡಾರ್24 ಥರದ ಆ್ಯಪ್‌ನಲ್ಲಿ ಹಿಂದಕ್ಕೆ ಓಡಿಸಿ ನೋಡಿದರೆ ಯಾವ ವಿಮಾನ, ಎಷ್ಟು ಎತ್ತರ ಎಂಬುದು ಸಾಮಾನ್ಯವಾಗಿ ಸಿಗುತ್ತದೆ. ಎತ್ತರದ ವಿಷಯದಲ್ಲಿ ಹುಷಾರು. ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಅಂದರೆ ನೆಲ ಮುಟ್ಟುವ ಜಾಗದಿಂದ 10 ಕಿ.ಮೀ. ದೂರದಲ್ಲಿ ಸುಮಾರು 520 ಮೀಟರ್, 5 ಕಿ.ಮೀ. ದೂರದಲ್ಲಿ ಸುಮಾರು 260 ಮೀಟರ್ ಎತ್ತರ. ಕಣ್ಣಿಗೆ ಮಾಳಿಗೆ ತಾಗಿಸಿಕೊಂಡೇ ಹೋದಂತೆ ಕಂಡರೂ ಲೆಕ್ಕ ಸರಿಯಾಗಿಯೇ ಇರಬಹುದು. "ನಿಯಮ ಮೀರಿ ಕೆಳಗೆ ಹಾರಿತು" ಎಂದು ಒಂದು ತಪ್ಪು ದೂರು ಕೊಟ್ಟರೆ, ಮುಂದಿನ ಹತ್ತು ಸರಿಯಾದ ದೂರುಗಳ ಬೆಲೆಯೂ ಇಳಿಯುತ್ತದೆ.

ಸುಮ್ನೆ ರಾಶಿ ಹಾಕಿದರೂ ಅಷ್ಟೇ. 2015ರಲ್ಲಿ ವಾಷಿಂಗ್ಟನ್‌ನ ರೀಗನ್ ವಿಮಾನ ನಿಲ್ದಾಣಕ್ಕೆ ಬಂದ 8,760 ದೂರುಗಳಲ್ಲಿ 6,852 ಒಂದೇ ಮನೆಯಿಂದ ಬಂದಿದ್ದವು. ಲೆಕ್ಕ ನೋಡಿದವರಿಗೆ ಮೊದಲು ನೆನಪಾಗುವುದು ಸದ್ದೋ, ಆ ಮನೆಯೋ? ಐವತ್ತು ಮನೆಗಳಿಂದ ಐವತ್ತು ಕಾಗದ ಹೋಗಲಿ.

ಡೆಸಿಬಲ್ ಲೆಕ್ಕಕ್ಕೆ ಮರುಳಾಗಬೇಡಿ

ಫೋನಿನ ಡೆಸಿಬಲ್ ಆ್ಯಪ್ ನಿನ್ನೆಗೂ ಇವತ್ತಿಗೂ ಹೋಲಿಸಲು ಆದೀತು, ಸಾಕ್ಷಿಗೆ ಆಗದು. ಅದಕ್ಕಿಂತ ಮುಖ್ಯವಾದದ್ದು ವರದಿಗಳಲ್ಲಿ ಕೊಡುವ ಇಡೀ ದಿನದ ಸರಾಸರಿಯ ಆಟ. ಸದ್ದು 10 ಡೆಸಿಬಲ್ ಏರಿದರೆ ಕಿವಿಗೆ ಹೆಚ್ಚುಕಡಿಮೆ ಎರಡರಷ್ಟು ಜೋರು ಅನ್ನಿಸುತ್ತದೆ. ಆದರೆ ಅದೇ ಥರದ ವಿಮಾನಗಳ ಸಂಖ್ಯೆ ಎರಡರಷ್ಟಾದರೆ ಸರಾಸರಿ ಏರುವುದು ಬರೀ 3 ಡೆಸಿಬಲ್. ನೂರು ವಿಮಾನ ಇನ್ನೂರಾದರೂ ವರದಿಯಲ್ಲಿ "ಅಲ್ಪ ಏರಿಕೆ" ಎಂದೇ ಕಾಣುತ್ತದೆ. ನಿದ್ದೆ ಕೆಡುವುದು ಸರಾಸರಿಯಿಂದಲ್ಲ, ಒಂದೊಂದು ವಿಮಾನದಿಂದ ಅಲ್ವಾ?

ಸಿಡ್ನಿಯಲ್ಲಿ 1994ರಲ್ಲಿ ಮೂರನೇ ರನ್‌ವೇ ತೆರೆದ ಮೇಲೆ ಜನ ಸಿಟ್ಟಾಗಿದ್ದು ಇದೇ ಕಾರಣಕ್ಕೆ. ಸರಾಸರಿ ಲೆಕ್ಕ ಹಾಕಿ, ಸದ್ದಿನ ಕಾಟ ಇಲ್ಲಿಯವರೆಗೆ ಎಂದು ನಕ್ಷೆಯಲ್ಲಿ ಎಳೆದ ಗೆರೆಯ ಆಚೆ ಇದ್ದವರಿಗೂ ಸದ್ದು ಕೇಳುತ್ತಿತ್ತು. ಆಮೇಲೆ ಅಲ್ಲಿ ಎನ್70 ಎಂಬ ಲೆಕ್ಕ ಬಳಕೆಗೆ ಬಂತು: ದಿನಕ್ಕೆ ಎಷ್ಟು ಸಲ ಸದ್ದು 70 ಡೆಸಿಬಲ್ ದಾಟಿತು ಎಂಬ ಎಣಿಕೆ. ನೀವೂ ಅದನ್ನೇ ಕೇಳಿ. ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆಯ 2018ರ ಸಲಹೆಯೂ ನೆನಪಿರಲಿ: ವಿಮಾನದ ಸದ್ದು ಹಗಲು, ಸಂಜೆ, ರಾತ್ರಿ ಸೇರಿದ ಸರಾಸರಿಯಲ್ಲಿ 45 ಡೆಸಿಬಲ್, ಬರೀ ರಾತ್ರಿಯದು 40 ಡೆಸಿಬಲ್ ಮೀರಬಾರದು. ಅದು ಕಾನೂನಲ್ಲ, ಆದರೆ ಮಾತಿಗೆ ತೂಕ ಕೊಡುತ್ತದೆ.

ಈ ನಡುವೆ ಮನೆ

ಖರ್ಚಿಲ್ಲದ ಕೆಲಸ ಮೊದಲು. ವಿಮಾನದ ದಾರಿಗೆ ಬೆನ್ನು ಹಾಕಿರುವ ಕೋಣೆಗೆ ಮಂಚ ಸರಿಸಿ.

ಆಮೇಲೆ ಕಿಟಕಿ. ಒಂದು ಕಾಗದದ ಪಟ್ಟಿಯನ್ನು ಚೌಕಟ್ಟಿಗೂ ಬಾಗಿಲಿಗೂ ನಡುವೆ ಇಟ್ಟು ಕಿಟಕಿ ಮುಚ್ಚಿ. ಪಟ್ಟಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದು ಇದೆ. ಹೀಗೇ ನಾಲ್ಕೂ ಬದಿ ನೋಡಿ, ಸಂದು ಇದ್ದ ಕಡೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಅಲ್ಲಿ ರಬ್ಬರ್ ಪಟ್ಟಿ ಅಂಟಿಸಿ. ಸಣ್ಣ ಸಂದು ಅಂತ ಬಿಡಬೇಡಿ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೆ ಸಾಕು, ಉಳಿದದ್ದು ಎಷ್ಟೇ ದಪ್ಪವಿದ್ದರೂ 20 ಡೆಸಿಬಲ್‌ಗಿಂತ ಜಾಸ್ತಿ ತಡೆಯಲಾಗದು.

ಇನ್ನೂ ಬೇಕೆಂದರೆ ಇರುವ ಗಾಜಿನ ಒಳಗಡೆ 10ರಿಂದ 20 ಸೆಂ.ಮೀ. ಬಿಟ್ಟು ಇನ್ನೊಂದು ಗಾಜು ಹಾಕಿಸಿ. ಎರಡೂ ಒಂದೇ ದಪ್ಪ ಇರಬಾರದು. ಇದ್ದರೆ ಎರಡೂ ಒಂದೇ ಸ್ವರಕ್ಕೆ ನಡುಗಿ ಅದನ್ನು ಒಳಗೆ ಬಿಡುತ್ತವೆ. ಅಂಗಡಿಯವರು ತೋರಿಸುವ ಮೊಟ್ಟೆ ಟ್ರೇ ಆಕಾರದ ಫೋಮ್‌ಗೆ ದುಡ್ಡು ಹಾಕಬೇಡಿ. ಅದು ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತದೆ, ಹೊರಗಿನ ಸದ್ದು ತಡೆಯುವುದಿಲ್ಲ. ಮರ ನೆಟ್ಟರೂ ಮೇಲಿನಿಂದ ಬರುವ ಸದ್ದಿಗೆ ಪ್ರಯೋಜನವಿಲ್ಲ (ನೆರಳಿಗೆ ನೆಡಿ, ಅದು ಬೇರೆ ಮಾತು). ಎಲ್ಲ ಬಿಗಿ ಮಾಡಿದ ಮೇಲೆ ಗಾಳಿಗೆ ದಾರಿ ಬೇಕಲ್ಲ? ಒಳಗೆ ಹತ್ತಿಯಂಥ ಮೆತ್ತೆ ಇರುವ, ಒಂದೆರಡು ತಿರುವಿನ ಕೊಳವೆ ಹಾಕಿಸಿದರೆ ಗಾಳಿ ಬರುತ್ತದೆ, ಸದ್ದು ತಿರುವಿನಲ್ಲಿ ಸೋಲುತ್ತದೆ.

ಏನು ಕೇಳಬೇಕು

ಹೆಚ್ಚಿನ ದೇಶಗಳು ಒಪ್ಪಿದ ಒಂದು ಕ್ರಮವಿದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2001ರಲ್ಲಿ ಒಪ್ಪಿದ್ದು. ವಿಮಾನವನ್ನೇ ಸದ್ದಿಲ್ಲದ್ದು ಮಾಡುವುದು, ಸುತ್ತ ಮನೆ ಕಟ್ಟಲು ಯೋಚಿಸಿ ಅನುಮತಿ ಕೊಡುವುದು, ಹಾರುವ ಕ್ರಮ ಬದಲಿಸುವುದು, ಹಾರಾಟಕ್ಕೆ ನಿರ್ಬಂಧ ಹೇರುವುದು ಎಂಬ ನಾಲ್ಕು ದಾರಿ ಅದರಲ್ಲಿವೆ. ನಿರ್ಬಂಧವನ್ನು ಮೊದಲ ಅಸ್ತ್ರವಾಗಿ ಬಳಸಬಾರದು ಎಂದೂ ಇದೆ. ಹಾಗಾಗಿ "ನಿಲ್ದಾಣ ಮುಚ್ಚಿ" ಎಂದು ಶುರು ಮಾಡಿದರೆ ಮಾತು ಅಲ್ಲೇ ನಿಲ್ಲುತ್ತದೆ.

ನೋಟ್‌ಬುಕ್ ತೆರೆಯಿರಿ. ಯಾವ ಸದ್ದು ಜಾಸ್ತಿ ಸಲ ಬಂದಿದೆಯೋ ಅದಕ್ಕೆ ತಕ್ಕ ಬೇಡಿಕೆ ಇಡಿ. ನೆಲದ ಸದ್ದಾದರೆ ಪರೀಕ್ಷೆಗೆ ಹಗಲು ಹೊತ್ತು, ಸುತ್ತ ಗೋಡೆ, ನಿಂತ ವಿಮಾನಕ್ಕೆ ನೆಲದಿಂದಲೇ ಕರೆಂಟು. ಇಳಿಯುವ ಸದ್ದಾದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬದಲು ಒಂದೇ ಸಮ ಜಾರಿ ಬರುವ ಕ್ರಮ. ದಿನವಿಡೀ ಬಿಡುವೇ ಇಲ್ಲವಾದರೆ ಸರದಿ: ಲಂಡನ್ನಿನ ಹೀಥ್ರೂನಲ್ಲಿ ಪಶ್ಚಿಮದ ಕಡೆ ಹಾರುವಾಗ ಇಳಿಯುವ ರನ್‌ವೇಯನ್ನು ಮಧ್ಯಾಹ್ನ 3ಕ್ಕೆ ಬದಲಿಸುತ್ತಾರೆ, ವೇಳಾಪಟ್ಟಿಯನ್ನು ಮೊದಲೇ ಪ್ರಕಟಿಸುತ್ತಾರೆ. ರಾತ್ರಿಯದಾದರೆ ಫ್ರಾಂಕ್‌ಫರ್ಟ್ ತೋರಿಸಿ: ಅಲ್ಲಿ 2011ರಿಂದ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ವೇಳಾಪಟ್ಟಿಯ ಹಾರಾಟವಿಲ್ಲ.

ನನಗೆ ಬಹಳ ಹಿಡಿಸಿದ ಉದಾಹರಣೆ ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್‌ನದು. ಅಲ್ಲಿ 2003ರಲ್ಲಿ ಹೊಸ ರನ್‌ವೇ ಬಂದಾಗ ಟೇಕಾಫ್‌ನ ಗುಡುಗು ಚಪ್ಪಟೆ ನೆಲದ ಮೇಲೆ ತಡೆಯಿಲ್ಲದೆ ಹರಿಯಿತು. ಹೊಲ ಉತ್ತ ಮೇಲೆ ಮಾತ್ರ ಸದ್ದು ಕಡಿಮೆಯಾಗುತ್ತದೆ ಎಂಬುದು ಗಮನಕ್ಕೆ ಬಂತು. ನೇಗಿಲ ಸಾಲುಗಳು ಸದ್ದನ್ನು ಚದುರಿಸುತ್ತಿದ್ದವು! ಅದೇ ಸುಳಿವು ಹಿಡಿದು ದೊಡ್ಡ ದೊಡ್ಡ ಮಣ್ಣಿನ ದಿಬ್ಬಗಳ ಸಾಲು ಮಾಡಿದರು. 2013ರಲ್ಲಿ ಅದು ಪಾರ್ಕ್ ಆಯಿತು. ಇಂಥ ದಿಬ್ಬ ನೆಲದ ಸದ್ದಿಗಷ್ಟೇ. ತಲೆ ಮೇಲೆ ಹಾರುವುದಕ್ಕೆ ನಾಟುವುದಿಲ್ಲ.

ಪಕ್ಕದ ಬಡಾವಣೆ ಮತ್ತು ತಾರೀಖು

ದಾರಿ ಬದಲಿಸಿ ಎಂದು ಕೇಳುವ ಮೊದಲು ಹೊಸ ದಾರಿ ಯಾರ ತಲೆ ಮೇಲೆ ಹೋಗುತ್ತದೆ ಎಂದು ನಕ್ಷೆ ನೋಡಿ, ಅವರನ್ನೂ ಕರೆಯಿರಿ. ಇಲ್ಲದಿದ್ದರೆ ಮುಂದಿನ ವರ್ಷ ಅವರು ನಿಮ್ಮ ವಿರುದ್ಧ ಕಾಗದ ಬರೆಯುತ್ತಾರೆ.

ತಾರೀಖು ಏಕೆ ಬೇಕು ಎಂಬುದಕ್ಕೆ ಅಮೆರಿಕದ ಫೀನಿಕ್ಸ್ ನೋಡಿ. 2014ರಲ್ಲಿ ಅಲ್ಲಿ ಉಪಗ್ರಹದ ಸಂಕೇತ ಹಿಡಿದು ಹಾರುವ ಹೊಸ ದಾರಿಗಳು ಬಂದವು. ಮೊದಲು ಹರಡಿಕೊಂಡು ಹೋಗುತ್ತಿದ್ದ ವಿಮಾನಗಳು ಹಳೆಯ ಬಡಾವಣೆಗಳ ಮೇಲೆ ಒಂದೇ ಗೆರೆಯಲ್ಲಿ ಸಾಗಿದವು. ಪ್ರಶ್ನಿಸಲು ಕಾನೂನಿನಲ್ಲಿದ್ದದ್ದು 60 ದಿನ. ನಗರ ಮತ್ತು ನಿವಾಸಿಗಳು ಕೋರ್ಟಿಗೆ ಹೋಗುವಷ್ಟರಲ್ಲಿ ಅದು ದಾಟಿತ್ತು. ಆದರೆ ಅಧಿಕಾರಿಗಳು "ಪರಿಶೀಲಿಸುತ್ತಿದ್ದೇವೆ" ಎಂದು ಹೇಳುತ್ತಲೇ ಬಂದಿದ್ದು ದಾಖಲೆಯಲ್ಲಿತ್ತು. ತಡವಾದದ್ದಕ್ಕೆ ಅದು ಸಕಾರಣ ಎಂದು ಕೋರ್ಟ್ ಒಪ್ಪಿತು. 2017ರಲ್ಲಿ ತೀರ್ಪು ಅವರ ಪರವಾಗಿ ಬಂತು.

ನೀವು ಕಾಗದ ಕೊಟ್ಟ ದಿನ, ಉತ್ತರ ಬಂದ ದಿನ, "ನೋಡ್ತೀವಿ" ಎಂದವರ ಹುದ್ದೆ, ಎಲ್ಲವೂ ಅದೇ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಇರಲಿ.